ಮಾವನ ಇಟಾಲಿಯನ್ ವ್ಯಾಖ್ಯಾನ

ನಮ್ಮ ಸೋದರಮಾವನಿಗೆ ಇಟಾಲಿಯನ್ ಭಾಷೆಯ ಒಂದಕ್ಷರವೂ ಬಾರದು. ಆದರೆ ಇಟಾಲಿಯನ್ ಕಾವ್ಯಕ್ಕೆ ಕನ್ನಡದಲ್ಲಿ ಅವರಷ್ಟು ವ್ಯಾಖ್ಯಾನ ಮಾಡಿದವರು ಭೂಮಿಯ ಮೇಲೆ ಇನ್ನೊಬ್ಬರಿಲ್ಲ! ಉತ್ಪ್ರೇಕ್ಷೆ ಅನ್ನಿಸಿತೇ? ಲಾಕ್‌ಡೌನಿನಲ್ಲಿ ನೀವು ಅವರ ಮನೆಯಲ್ಲಿ ಒಂದು ವಾರ ಇದ್ದು ನೋಡಬೇಕಿತ್ತು. ನಾನು ಒಂದು ಚಳಿಗಾಲ ಪೂರ್ತಿ ಇದ್ದೆ.

ಆಗ ನಾನು ನೆದರ್ಲೆಂಡ್ಸಿನ ಗ್ರೋನಿಂಗನ್‌ನಲ್ಲಿ ಓದುತ್ತಿದ್ದೆ. ಪಾಠಗಳೆಲ್ಲ ಮತ್ತೆ ಲ್ಯಾಪ್‌ಟಾಪಿನೊಳಗೆ ಸೇರಿಕೊಂಡವು, ಜೊತೆಯ ಹುಡುಗಿಯರು ಒಬ್ಬೊಬ್ಬರಾಗಿ ಊರಿಗೆ ಹೋದರು. ಮಾವನ ಮನೆಯಿರುವ ಬೆಸ್ಟ್ ಎಂಬ ಊರಿನಿಂದ ಅತ್ತೆಯ ಫೋನ್ ಬಂತು. ಅತ್ತೆ ಧಾರವಾಡದವರು.

"ಒಬ್ಬಾಕೀನ ಅಲ್ಲೇನ್ ಮಾಡ್ತಿ? ಇಲ್ಲೆ ಬಾ. ಆದ್ರ ಮೊದಲ ಹೇಳ್ತೀನಿ, ನಿಮ್ಮ ಮಾವನ ಹಾಡು ತಡಕೋಬೇಕು."

ಹಾಡು ತಾನೇ, ಅದರಲ್ಲೇನಿದೆ ಅಂದುಕೊಂಡು ರೈಲು ಹತ್ತಿದೆ.

ಮಾವ ಕೇಳುವುದು ಎಪ್ಪತ್ತರ ದಶಕದಲ್ಲಿ ಇಟಲಿಯ ಹುಡುಗರು ಕಟ್ಟಿದ ಒಂದು ಬಗೆಯ ರಾಕ್ ಸಂಗೀತ. ಒಂದು ಹಾಡಿಗೆ ರೆಕಾರ್ಡಿನ ಒಂದು ಇಡೀ ಮಗ್ಗುಲು ಬೇಕು. ಮೊದಲು ಯಾರೋ ಒಬ್ಬ ತನ್ನ ಪಾಡಿಗೆ ಏನನ್ನೋ ಯೋಚಿಸುತ್ತಿರುವವನಂತೆ ಗಿಟಾರ್ ಮೀಟುತ್ತಾನೆ. ಅದಕ್ಕೆ ಕೊಳಲು ಸೇರುತ್ತದೆ, ಪಿಟೀಲು ಸೇರುತ್ತದೆ, ಚರ್ಚಿನ ಆರ್ಗನ್ ಸೇರುತ್ತದೆ. ಆಮೇಲೆ ಮೆತ್ತಗಿನ ದನಿಯಲ್ಲಿ ಕವಿತೆ. ಆಹಾ ಎಂದು ನೀವು ಕಣ್ಣು ಮುಚ್ಚುವಷ್ಟರಲ್ಲಿ ಅಟ್ಟದ ಮೇಲಿಂದ ಮದುವೆಮನೆಯ ಪಾತ್ರೆಗಳೆಲ್ಲ ಉರುಳಿದಂತೆ ಡ್ರಮ್ಮು! ಮರುಗಳಿಗೆ ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಕೊಳಲು.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ನಮ್ಮ ತಾತ, ಅಂದರೆ ಮಾವನ ತಂದೆ, ಗಮಕ ಕಾರ್ಯಕ್ರಮಗಳಲ್ಲಿ ವ್ಯಾಖ್ಯಾನಕಾರರಾಗಿದ್ದರು. ಗಮಕಿ ಒಂದು ಪದ್ಯ ಹಾಡಿ ನಿಲ್ಲಿಸಬೇಕು, ತಾತ ಅದರ ಅರ್ಥ ಬಿಡಿಸಿ ಹೇಳಬೇಕು, ಆಮೇಲಷ್ಟೇ ಮುಂದಿನ ಪದ್ಯ. ಅರ್ಥ ಹೇಳದೆ ಪದ್ಯವನ್ನು ಮುಂದಕ್ಕೆ ಬಿಡುವುದು ಊಟಕ್ಕೆ ಕೂತವರ ಎದುರಿನಿಂದ ಎಲೆ ಎಳೆದಂತೆ ಎಂಬುದು ನಮ್ಮ ಮನೆತನದ ನಂಬಿಕೆ. ಮಾವ ಅದನ್ನು ಇಟಲಿಗೂ ಅನ್ವಯಿಸಿಬಿಟ್ಟರು. ಒಂದು ನುಡಿ ಮುಗಿಯಿತೋ, ಪ್ಲೇಯರಿನ ಮುಳ್ಳು ಎತ್ತುತ್ತಾರೆ. ಶಲ್ಯವೊಂದು ಹೆಗಲ ಮೇಲಿಲ್ಲ ಅನ್ನುವುದು ಬಿಟ್ಟರೆ ಥೇಟ್ ತಾತನೇ.

"ನೋಡು ಪುಟ್ಟಾ, ಇಲ್ಲಿ ಕವಿ ಏನ್ ಹೇಳ್ತಿದಾನೆ ಅಂದ್ರೆ..."

ದಿನಚರಿಯಲ್ಲಿ ಗೆರೆ ಹಾಕಿ ಲೆಕ್ಕವಿಡುವ ಚಟ ನನಗೆ. ಮೊದಲ ಶನಿವಾರವೇ ಮುಳ್ಳು ಎತ್ತಿದಾಗಲೆಲ್ಲ ಒಂದೊಂದು ಗೆರೆ ಹಾಕಿದೆ. ಹಾಡಿನ ಉದ್ದ ಹತ್ತೊಂಬತ್ತು ನಿಮಿಷ, ಮುಗಿಯಲು ಹಿಡಿದದ್ದು ಒಂದೂಮುಕ್ಕಾಲು ಗಂಟೆ. ಮುಂದಿನ ಶನಿವಾರ ಅದೇ ಹಾಡು, ಅದೇ ನುಡಿ. ಆದರೆ ಅರ್ಥ ಬೇರೆ!

"ಮಾವ, ಹೋದ ವಾರ ಇದು ದೋಣಿಯವನ ಅಳಲು ಅಂದಿದ್ರಿ. ಈಗ ರಾಜ್ಯ ಬಿಟ್ಟ ರಾಜ ಅಂತೀರಿ. ಬರ್ಕೊಂಡಿದೀನಿ ನಾನು."

"ಒಂದೇ ಅರ್ಥ ಇರೋದು ರೈಲಿನ ಟೈಮ್‌ಟೇಬಲ್ಲಿಗೆ. ಕಾವ್ಯಕ್ಕಲ್ಲ!"

"ಇಂಟರ್‌ನೆಟ್ಟಲ್ಲಿ ಅನುವಾದ ಸಿಗುತ್ತಲ್ವಾ, ಒಂದ್ಸಲ ನೋಡಬಾರದಾ?"

ಮಾವ ನನ್ನನ್ನು ಪರೀಕ್ಷೆಯಲ್ಲಿ ನಕಲು ಮಾಡಲು ಹೇಳಿದವಳಂತೆ ನೋಡಿದರು. "ಅರ್ಥ ಗೊತ್ತಾದ್ಮೇಲೆ ವ್ಯಾಖ್ಯಾನ ಯಾಕೆ ಬೇಕು?"

ದಿನಚರಿಯಲ್ಲಿ ಅದನ್ನೂ ಬರೆದುಕೊಂಡೆ.

ಬೆಸ್ಟ್‌ನ ಮನೆಗಳು ಒಂದಕ್ಕೊಂದು ಅಂಟಿಕೊಂಡಂಥವು, ಗೋಡೆಗಳು ಹಪ್ಪಳದಷ್ಟು ತೆಳು. ಪಕ್ಕದ ಮನೆಯ ಡಚ್ ಅಜ್ಜಿ ಒಂದು ದಿನ ಬೇಲಿಯ ಆಚೆ ಒಂದೂವರೆ ಮೀಟರ್ ದೂರದಲ್ಲೇ ನಿಂತು ಅತ್ತೆಯನ್ನು ಕೇಳಿದರಂತೆ: "ನಿಮ್ಮ ಯಜಮಾನರು ಪಾದ್ರಿಗಳೇ? ಆರ್ಗನ್ ಕೇಳಿಸುತ್ತದೆ, ಆಮೇಲೆ ಉಪದೇಶ ಕೇಳಿಸುತ್ತದೆ."

"ಹೌದು," ಅಂದರಂತೆ ಅತ್ತೆ, "ಆದರೆ ಭಕ್ತರು ಇಬ್ಬರೇ. ಅವರಿಗೂ ಓಡಿಹೋಗಲು ಅನುಮತಿ ಇಲ್ಲ."

ಮನೆಗೆ ದಿನಕ್ಕೆ ಒಬ್ಬರೇ ಅತಿಥಿ ಬರಬಹುದೆಂದು ಸರ್ಕಾರ ಹೇಳಿದ್ದ ಕಾಲ ಅದು. ಆ ಒಂದು ಜಾಗಕ್ಕೆ ಒಂದು ಭಾನುವಾರ ಮಾವ ಕರೆದದ್ದು ಯಾರನ್ನು? ತಮ್ಮ ಆಫೀಸಿನ ಒಬ್ಬ ಇಟಾಲಿಯನ್‌ನನ್ನು! ಅತ್ತೆ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡರು. "ಇವತ್ತ ಇವರ ಮಾನ ಹೋಗ್ತದ. ನೀ ಚಹಾ ತಗೊಂಡು ಹೋಗು, ನಾ ನೋಡಲಾರೆ." ಬಾಗಿಲ ಸಂದಿಯಿಂದ ನೋಡುತ್ತಲೇ ಇದ್ದರು ಅನ್ನಿ.

ಮಾವ ರೆಕಾರ್ಡು ಹಾಕಿದರು. ಮುಳ್ಳು ಎತ್ತಿದರು. ಇಂಗ್ಲಿಷಿನಲ್ಲಿ ವ್ಯಾಖ್ಯಾನ ಮಾಡಿದರು. ಚಂದ್ರ, ಬಾವಿ, ಬಾವಿಯಲ್ಲಿ ಇಣುಕಿದ ಸನ್ಯಾಸಿ, ಎಲ್ಲ ಬಂತು. ಅತಿಥಿ ಕಣ್ಣು ಮಿಟುಕಿಸದೆ ಕೇಳಿದ. ನಾನು ಚಹಾದ ಟ್ರೇ ಹಿಡಿದು ನಿಂತೇ ಇದ್ದೆ.

ಕೊನೆಗೆ ಅವನು ಹೇಳಿದ: "ಈ ಹಾಡನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಒಂದೊಂದು ಪದವೂ ಗೊತ್ತು. ಆದರೆ ಏನು ಹೇಳುತ್ತಿದ್ದಾರೆಂದು ನನಗಾಗಲಿ, ನನ್ನ ಅಪ್ಪನಿಗಾಗಲಿ ಇಂದಿನವರೆಗೆ ಅರ್ಥವಾಗಿರಲಿಲ್ಲ. ಥ್ಯಾಂಕ್ಸ್!"

ಆಮೇಲೆ ಮಾವನನ್ನು ಹಿಡಿಯುವವರುಂಟೇ? ಆ ವಾರ ಒಂದೇ ನುಡಿಗೆ ಮೂರು ಅರ್ಥ ಬಂದವು. ಅತ್ತೆಯದು ಒಂದೇ ಪಲ್ಲವಿ: "ಸಾಕ್ ಮಾಡ್ರೀ ಇನ್ನ! ಒಂದ ಸಲ ಪೂರ್ತಿ ಹಾಡು ಕೇಳಿ ಸಾಯಬೇಕು ಅಂದ್ರ ಅದೂ ಇಲ್ಲ."

ಫೆಬ್ರವರಿಯಲ್ಲಿ ಮಾವನಿಗೆ ಜ್ವರ ಬಂತು. ಪರೀಕ್ಷೆಯಲ್ಲಿ ಕೋವಿಡ್ ಎಂದು ಗೊತ್ತಾಯಿತು. ರೆಕಾರ್ಡು, ಪ್ಲೇಯರು, ಒಂದು ಕಂಬಳಿ ಹೊತ್ತುಕೊಂಡು ಮೇಲಿನ ಅಟ್ಟದ ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಅತ್ತೆ ನಮ್ಮ ಬಡಾವಣೆಯ ಹೌಸ್‌ಆರ್ಟ್ಸ್‌ಗೆ, ಅಂದರೆ ಮನೆವೈದ್ಯೆಗೆ, ಫೋನ್ ಮಾಡಿದರು. ಈ ದೇಶದಲ್ಲಿ ಕಾಲು ಮುರಿದರೂ ಮೊದಲು ಪ್ಯಾರಾಸಿಟಮಾಲ್, ವೈದ್ಯೆ ಅದನ್ನು ಹೇಳಿದರು. ಆಮೇಲೆ ಮುಖ್ಯವಾದ ಮಾತು ಹೇಳಿದರು: "ಒಂದು ಪೂರ್ತಿ ವಾಕ್ಯವನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆಯೇ ಅಂತ ಗಮನಿಸಿ. ನಡುವೆ ಉಸಿರಿಗಾಗಿ ನಿಂತರೆ ಕೂಡಲೇ ಕರೆಯಿರಿ."

"ಪೂರ್ತಿ ವಾಕ್ಯ?" ಅತ್ತೆ ಗಾಬರಿಯಾದರು. "ಡಾಕ್ಟರ್, ಅವರ ವಾಕ್ಯ ಆರಾಮ ಇದ್ದಾಗಲೂ ಮುಗಿಯುವುದಿಲ್ಲ!"

ಹೀಗೆ ಮಾವನ ವ್ಯಾಖ್ಯಾನ ನಮ್ಮ ಮನೆಯ ಥರ್ಮಾಮೀಟರ್ ಆಯಿತು. ಅತ್ತೆ ಮೆಟ್ಟಿಲ ಮೇಲೆ ಗಂಜಿ ಇಟ್ಟು ಇಳಿದು ಬರುತ್ತಿದ್ದರು, ನಾವಿಬ್ಬರೂ ಕೆಳಗೆ ನಿಂತು ಕಿವಿಗೊಡುತ್ತಿದ್ದೆವು. ಮುಳ್ಳು ಎತ್ತಿದ ಸದ್ದು, ಆಮೇಲೆ ಖಾಲಿ ಕೋಣೆಗೆ ಮಾವನ ವ್ಯಾಖ್ಯಾನ. "ಇವತ್ತ ಚಲೋ ಅದ," ಎನ್ನುತ್ತಿದ್ದರು ಅತ್ತೆ. ಮರುದಿನ, "ಸ್ವಲ್ಪ ಗಿಡ್ಡ ಆತು." ಅದರ ಮರುದಿನ ಇನ್ನೊಂದು ಮೆಟ್ಟಿಲು ಮೇಲೆ ಹತ್ತಿ ಕಿವಿಗೊಟ್ಟರು.

ಆ ವಾರದ ಕೊನೆಯಲ್ಲಿ ಒಂದು ಮಧ್ಯಾಹ್ನ ಹಾಡು ಶುರುವಾಯಿತು. ಗಿಟಾರ್ ಬಂತು, ಕೊಳಲು ಬಂತು, ಕವಿತೆ ಬಂತು, ಪಾತ್ರೆಗಳು ಉರುಳಿದವು. ಎಲ್ಲೂ ನಿಲ್ಲಲಿಲ್ಲ. ಮೊತ್ತಮೊದಲ ಬಾರಿಗೆ ಆ ಹಾಡನ್ನು ನಾವು ತಡೆಯಿಲ್ಲದೆ ಕೊನೆಯವರೆಗೆ ಕೇಳಿದೆವು. ಎಷ್ಟು ಚೆನ್ನಾಗಿತ್ತು! ಇಂಥದೊಂದು ದಿನಕ್ಕಾಗಿ ಅತ್ತೆ ಎಷ್ಟು ವರ್ಷ ಹಂಬಲಿಸಿದ್ದರು! ಅವರ ಕೈಯಲ್ಲಿದ್ದ ಚಹಾ ಹಾಗೆಯೇ ಆರಿಹೋಯಿತು.

ಕೂಡಲೇ ಫೋನ್ ಮಾಡಿದೆವು. ವೈದ್ಯೆ ಮೈತುಂಬ ಪ್ಲಾಸ್ಟಿಕ್ ಹೊದ್ದು ಬಂದರು. ಬೆರಳಿಗೆ ಕ್ಲಿಪ್ಪು ಹಾಕಿ ನೋಡಿದರು. "ಆಮ್ಲಜನಕ ಗಡಿಯಲ್ಲಿದೆ. ಸಂಜೆ ಫೋನ್ ಮಾಡುತ್ತೇನೆ. ಅಷ್ಟರಲ್ಲಿ ಅವರನ್ನು ಮಾತಾಡಿಸಿ. ವಾಕ್ಯ ತುಂಡಾಗುತ್ತಿದ್ದರೆ ಆಸ್ಪತ್ರೆಗೆ ಕಳಿಸೋಣ."

ಮಾತಾಡಿಸುವುದು ಹೇಗೆ? ಏನು ಕೇಳಿದರೂ ಬಾಗಿಲ ಆಚೆಯಿಂದ "ಹ್ಞೂಂ" ಅಷ್ಟೇ. ಹ್ಞೂಂ ಎಂಬುದು ಯಾವ ವ್ಯಾಕರಣದಲ್ಲಿ ವಾಕ್ಯ? ಸಂಜೆಯ ಹೊತ್ತಿಗೆ ಮೇಲೆ ಮತ್ತೆ ಅದೇ ರೆಕಾರ್ಡು ತಿರುಗತೊಡಗಿತು. ಅತ್ತೆ ಮಾಸ್ಕ್ ಏರಿಸಿಕೊಂಡು ಎದ್ದರು.

"ಇವರನ್ನ ಮಾತಾಡಸೂದು ಒಂದ ದಾರಿ. ತಪ್ಪು ಅರ್ಥ ಹೇಳೂದು. ತಡಕೊಳ್ಳೂದಿಲ್ಲ ಅವರು."

ಮೆಟ್ಟಿಲ ತುದಿಯಲ್ಲಿ ಕೂತು, ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಶುರು ಮಾಡಿಯೇಬಿಟ್ಟರು.

"ಕೇಳ್ರಿ. ಈ ಪದ್ಯದ ಅರ್ಥ ಏನಪಾ ಅಂದ್ರ, ಒಬ್ಬಾಕಿ ಕುಕ್ಕರ್ ಇಟ್ಟಾಳ. ಈಗ ಬಂತಲ್ಲ, ಕೊಳಲಲ್ಲ ಅದು, ಸೀಟಿ."

ಒಳಗೆ ಹಾಡು ತಿರುಗುತ್ತಲೇ ಇತ್ತು. ಕೆಳಗಿನ ಮೆಟ್ಟಿಲಲ್ಲಿ ಫೋನ್ ಹಿಡಿದು ನಿಂತಿದ್ದ ನನಗೆ ನಗುವೂ ಬಂತು, ಹೆದರಿಕೆಯೂ ಆಯಿತು.

"ಈಗ ಡ್ರಮ್ ಬಂತು. ಅಂದ್ರ, ಬಾಜೂ ಮನಿಯಾವ ಗ್ವಾಡಿಗೆ ಡ್ರಿಲ್ ಹಾಕ್ಲಿಕತ್ತಾನ."

ಇಷ್ಟು ದೊಡ್ಡ ಅಪಚಾರಕ್ಕೂ ಒಳಗಿನಿಂದ ಒಂದು ಮಾತಿಲ್ಲ! ಹಾಡಿನಲ್ಲಿ ಮೆತ್ತಗಿನ ದನಿ ಮರಳಿತು. ಅತ್ತೆಯ ದನಿ ಅದಕ್ಕಿಂತ ಮೆತ್ತಗಾಯಿತು.

"ಈಗ ಆಕಿ ಗಂಡಗ ಹೇಳ್ತಾಳ. ಸಾಕ್ ಮಾಡ್ರಿ, ಸಾಕ್ ಮಾಡ್ರಿ ಅಂತ ದಿನಾ ಅಂದೆ ಖರೆ. ನನಗ ಸಾಕಾಗಿಲ್ರೀ. ಈ ಥಂಡಿ ದೇಶದಾಗ ನಿಮ್ಮ ಮಾತು ಬಿಟ್ಟರ ನನಗ ಬ್ಯಾರೆ ಏನ ಕೇಳಿಸ್ತದ? ಇಷ್ಟ ನೋಡ್ರಿ ಈ ಪದ್ಯದ ಅರ್ಥ."

ಟಕ್ ಎಂದು ಮುಳ್ಳು ಮೇಲೆದ್ದಿತು.

ನಾವು ಉಸಿರು ಹಿಡಿದೆವು. ಒಳಗಿನಿಂದ ಒಡಕು ದನಿ ಬಂತು.

"ಅಲ್ಲ ಕಣೇ, ಅಲ್ಲಿ ಹಾಡ್ತಿರೋಳು ಹೆಂಡತಿ ಅಲ್ಲವೇ ಅಲ್ಲ, ಹಳೇ ಗಡಿಯಾರ ರಿಪೇರಿ ಮಾಡೋ ಮುದುಕ, ಅವನ ಅಂಗಡೀಲಿ ಎಲ್ಲ ಗಡಿಯಾರಾನೂ ನಿಂತ್‌ಹೋಗಿದೆ, ಅದಕ್ಕೇ ಆ ಆರ್ಗನ್ ಅಷ್ಟ್ ನಿಧಾನಕ್ಕೆ ಬರ್ತಿರೋದು, ಕುಕ್ಕರ್ ಅಂತೆ ಕುಕ್ಕರ್!"

ಒಂದೇ ಉಸಿರು! ನಡುವೆ ಎಲ್ಲೂ ತುಂಡಾಗಲಿಲ್ಲ. ಅತ್ತೆ ಬಾಗಿಲಿಗೆ ತಲೆಯಾನಿಸಿ, ಮಾಸ್ಕ್ ಒದ್ದೆಯಾಗುವಂತೆ ಅಳುತ್ತಾ ನಗುತ್ತಿದ್ದರು. ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಫೋನ್ ರಿಂಗಣಿಸಿತು. ವೈದ್ಯೆ.

"ಹೇಗಿದ್ದಾರೆ? ಒಂದು ವಾಕ್ಯವಾದರೂ ಪೂರ್ತಿ ಹೇಳಿದರೇ?"

"ಹೇಳಿದರು. ಇನ್ನೂ ಹೇಳುತ್ತಲೇ ಇದ್ದಾರೆ," ಎಂದು ಫೋನನ್ನು ಮೇಲಕ್ಕೆ ಹಿಡಿದೆ. ಕನ್ನಡದ ಗಂಧಗಾಳಿಯಿಲ್ಲದ ಆ ಹೆಂಗಸು ಸುಮ್ಮನೆ ಕೇಳಿಸಿಕೊಂಡರು. ಅವರೂ ದೊಡ್ಡದೊಂದು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

"ಆಸ್ಪತ್ರೆ ಸದ್ಯಕ್ಕೆ ಬೇಡ," ಅಂದರು. ಆಮೇಲೆ, "ಈಗ ಏನು ಹೇಳುತ್ತಿದ್ದಾರೆ?"

ಮಾವ ಆಗ ಹೇಳುತ್ತಿದ್ದುದನ್ನು ಒಂದಕ್ಷರ ಬಿಡದೆ ಅವರಿಗೆ ಇಂಗ್ಲಿಷಿನಲ್ಲಿ ಹೇಳಿದೆ:

"ಮೆಟ್ಟಿಲು ತಣ್ಣಗಿರುತ್ತೆ, ಒಂದು ದಿಂಬು ಹಾಕ್ಕೊಂಡು ಕೂತ್ಕೋ. ಮುಂದಿನ ಪದ್ಯ ಉದ್ದ ಇದೆ."