ಯಲಿಯೂರಿನ ಶುದ್ಧ ಕರೆಂಟು

ಇನ್ನು ಮೇಲೆ ತನ್ನ ಮನೆಯೊಳಕ್ಕೆ ಕೊಳಕು ಕರೆಂಟಿಗೆ ಪ್ರವೇಶವಿಲ್ಲ ಎಂದು ಯತೀಶ ಸೋಮವಾರ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಘೋಷಿಸಿದ. ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ಅವನದು ಬೀಜ ಪರೀಕ್ಷೆಯ ಕೆಲಸ. ಭತ್ತದಲ್ಲಿ ಜೊಳ್ಳೆಷ್ಟು, ಕಸವೆಷ್ಟು ಎಂದು ಇಪ್ಪತ್ತು ವರ್ಷದಿಂದ ಆರಿಸಿ ಆರಿಸಿ, ಈಗ ಅವನಿಗೆ ಸ್ವಿಚ್ ಬೋರ್ಡಿನಲ್ಲೂ ಜೊಳ್ಳು ಕಾಣತೊಡಗಿತ್ತು.

ಅವನ ವಾದ ಸರಳವಾಗಿತ್ತು. ಯಲಿಯೂರಿನ ಲೈನಿನಲ್ಲಿ ಎರಡು ಆಲೆಮನೆ, ಒಂದು ಅಕ್ಕಿ ಗಿರಣಿ, ಒಂದು ವೆಲ್ಡಿಂಗ್ ಶಾಪು, ಲೆಕ್ಕವಿಲ್ಲದಷ್ಟು ಪಂಪ್‌ಸೆಟ್ಟು. ಅವರೆಲ್ಲ ಮುಖ ತೊಳೆದು ಬಿಟ್ಟ ನೀರಿನಂಥ ಕರೆಂಟು ಕೊನೆಗೆ ತನ್ನ ಆಂಪ್ಲಿಫೈಯರಿಗೆ ಬರುತ್ತಿದೆ. ಎದೆಮಟ್ಟದ ಸ್ಪೀಕರುಗಳೆರಡು ಹಾಲಿನಲ್ಲಿ ನಿಂತಿದ್ದರೂ ಸಂಗೀತ ತಿಳಿಯಾಗಿ ಕೇಳದಿರುವುದಕ್ಕೆ ಇದೇ ಕಾರಣ. ಮನೆಯ ಹಿಂದೆಯೇ ಮೈಸೂರು ರೈಲು ಹೋಗುವಾಗ ಅಡುಗೆಮನೆಯ ಲೋಟಗಳೆಲ್ಲ ಕುಣಿಯುತ್ತವಲ್ಲ, ಅದರ ಬಗ್ಗೆ ಮಾತ್ರ ಅವನು ತುಟಿ ಪಿಟಿಕ್ಕೆನ್ನಲಿಲ್ಲ.

ಮಧ್ಯಾಹ್ನ ಪವರ್ ರೀಜನರೇಟರ್ ಬಂದಿಳಿಯಿತು. ಗೋಡೆಯ ಕರೆಂಟನ್ನು ಒಳಕ್ಕೆಳೆದುಕೊಂಡು, ಅದರ ಕೊಳೆಯನ್ನೆಲ್ಲ ಕಳೆದು, ಹೊಚ್ಚಹೊಸ ಕರೆಂಟು ತಯಾರಿಸಿ ಕೊಡುವ ಯಂತ್ರ. ರಾಗಿ ಮೂಟೆಯ ತೂಕ. ಅದನ್ನು ಹಾಲಿನ ಮೂಲೆಗೆ ಸಾಗಿಸುವಷ್ಟರಲ್ಲಿ ಯತೀಶನ ಸೊಂಟ ಒಂದು ಸಲ ಕಟ್ ಎಂದಿತು. ಹೆಂಡತಿ ಇಂದ್ರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, ಯಂತ್ರವನ್ನು ಒಂದು ಸುತ್ತು ನೋಡಿ, ಇದು ರುಬ್ಬುತ್ತದೋ ಒಗೆಯುತ್ತದೋ ಎಂದು ವಿಚಾರಿಸಿದಳು. ಎರಡೂ ಇಲ್ಲವೆಂದು ತಿಳಿದಾಗ ಅವಳ ಮುಖದಲ್ಲಿದ್ದ ಅಲ್ಪಸ್ವಲ್ಪ ಗೌರವವೂ ಇಳಿದುಹೋಯಿತು.

ಸಂಜೆ ಪರೀಕ್ಷಾರ್ಥ ಪ್ರಯೋಗ. ಕೊಳಲಿನ ಕಛೇರಿ ಹಾಕಿ ಯತೀಶ ಕಣ್ಣು ಮುಚ್ಚಿದ. ಐದು ನಿಮಿಷಕ್ಕೆ ಅವನ ಕಣ್ಣಂಚು ಒದ್ದೆಯಾಯಿತು.

"ಕೇಳುಸ್ತಾ ಇಂದ್ರಾ? ಕೊಳಲು ನುಡ್ಸೋರು ಉಸ್ರು ಎಳ್ಕೊಂಡಿದ್ದು ಕೂಡ ಕೇಳುಸ್ತು."

"ಎಳ್ಕೊಂಡಿದ್ದು ನೀವೇ ಕಣ್ರೀ," ಎಂದಳು ಇಂದ್ರಮ್ಮ.

ಅಂದಿನಿಂದ ಮನೆಯಲ್ಲಿ ಹೊಸ ಕಾನೂನು. ಹಾಡು ಹಾಕಿದ್ದಾಗ ಮಿಕ್ಸಿ ತಿರುಗುವಂತಿಲ್ಲ, ಫ್ರಿಜ್ಜು ಮಾತಾಡುವಂತಿಲ್ಲ, ನೀರಿನ ಮೋಟರಂತೂ ಮಹಾಪರಾಧ. ಬುಧವಾರ ಸೋಪು ಹಚ್ಚಿಕೊಂಡು ನಿಂತಿದ್ದ ಯತೀಶನಿಗೆ ನಲ್ಲಿಯಿಂದ ಬರೀ ಗಾಳಿ ಬಂತು. ಮೋಟರು ಯಾಕೆ ಹಾಕಿಲ್ಲವೆಂದು ಅವನು ಒಳಗಿಂದಲೇ ಕೂಗಾಡಿದ, ಇಂದ್ರಮ್ಮನ ಸಹನೆ ಅಲ್ಲಿಗೆ ಮುಗಿಯಿತು. ಇಷ್ಟವಾಗದಿದ್ದರೆ ಹತ್ತು ದಿನದೊಳಗೆ ವಾಪಸ್ ಕಳಿಸಬಹುದೆಂದು ಡಬ್ಬದ ಮೇಲೆ ಬರೆದಿದ್ದನ್ನು ಅವಳು ಎಂದೋ ಓದಿಟ್ಟುಕೊಂಡಿದ್ದಳು. ಅವಳೊಂದು ಷರತ್ತು ಹಾಕಿದಳು. ಭಾನುವಾರ ತನ್ನಪ್ಪ ಬಂಡೂರಿನಿಂದ ಬರುತ್ತಾನೆ. ಅವನ ಕಣ್ಣಿಗೆ ಟವೆಲು ಕಟ್ಟಿ, ಯಂತ್ರ ಹಾಕಿ ಒಂದು ಸಲ, ಹಾಕದೆ ಒಂದು ಸಲ ಹಾಡು ಕೇಳಿಸುವುದು. ಅವನು ಗುರುತಿಸಿದರೆ ಯಂತ್ರ ಉಳಿಯುತ್ತದೆ. ಇಲ್ಲವಾದರೆ ಸೋಮವಾರವೇ ಡಬ್ಬ ಸೇರುತ್ತದೆ.

ಯತೀಶ ಕುಣಿದು ಒಪ್ಪಿದ. ಮಾವ ಚಿಕ್ಕಬೋರಯ್ಯನ ಕಿವಿ ಎಂದರೆ ಸಾಮಾನ್ಯವೇ? ಎಪ್ಪತ್ತು ಕುರಿಗಳ ನಡುವೆ ಯಾವ ಮರಿ ಕೂಗಿದರೂ ಅದರ ತಾಯಿ ಯಾವುದೆಂದು ಬೆನ್ನು ತಿರುಗಿಸಿಕೊಂಡೇ ಹೇಳುವ ಮನುಷ್ಯ! ಅಂಥ ಕಿವಿಗೆ ಶುದ್ಧ ಕರೆಂಟು ದಕ್ಕದಿದ್ದರೆ ಇನ್ಯಾರಿಗೆ ದಕ್ಕೀತು?

ಗುರುವಾರ ಇನ್ನೊಂದು ಶುಭ ಶಕುನವಾಯಿತು. ಇಂದ್ರಮ್ಮ ಯಂತ್ರದ ಮೇಲೆ ಹಳೆಯ ಕಂಬಳಿ ಹೊದಿಸಿದ್ದಳು. ಧೂಳು ಕೂರಬಾರದಲ್ಲ ಎಂದಳು. ಹೆಂಡತಿಗೂ ಯಂತ್ರದ ಮೇಲೆ ಭಕ್ತಿ ಹುಟ್ಟಿತೆಂದು ಯತೀಶ ಒಳಗೊಳಗೇ ಉಬ್ಬಿಹೋದ.

ಭಾನುವಾರ ಚಿಕ್ಕಬೋರಯ್ಯ ಬಂದ. ಬೆಚ್ಚಗಿನ ಮುದ್ದೆಗೆ ಮೊಳಕೆ ಹುರುಳಿಕಾಳಿನ ಸಾರು ಹಾಕಿಸಿಕೊಂಡು ಉಂಡ. ಈ ಚಳಿಯಲ್ಲಿ ಮೊಳಕೆ ಇಷ್ಟುದ್ದ ಹೆಂಗೆ ಬಂತು ಮಗಳೇ ಎಂದು ಎರಡು ಸಲ ಕೇಳಿದ. ಇಂದ್ರಮ್ಮ ಇನ್ನೊಂದು ಸೌಟು ಬಡಿಸಿದಳು. ಊಟವಾದ ಮೇಲೆ ನ್ಯಾಯಸ್ಥಾನದ ಕುರ್ಚಿಯಲ್ಲಿ ಅವನನ್ನು ಕೂರಿಸಿ, ಕಣ್ಣಿಗೆ ಟವೆಲು ಬಿಗಿದದ್ದಾಯಿತು.

ಯತೀಶ ಆಂಪ್ಲಿಫೈಯರಿನ ಪ್ಲಗ್ಗನ್ನು ಮೊದಲು ಗೋಡೆಗೆ ಸಿಕ್ಕಿಸಿ, ಯಂತ್ರ ಆರಿಸಿ ಹಾಡು ಹಾಕಿದ. "ಮಿಸನ್ನು ಇಲ್ಲ," ಎಂದ ಚಿಕ್ಕಬೋರಯ್ಯ. ಯಂತ್ರ ಹಾಕಿ ಅದಕ್ಕೆ ಸಿಕ್ಕಿಸಿದ. "ಈಗದೆ." ಮೋಸವಾಗಬಾರದೆಂದು ಯಂತ್ರದಲ್ಲೇ ಇನ್ನೊಮ್ಮೆ ಕೇಳಿಸಿದ. "ಅದೇಯ, ಇನ್ನೂ ಅದೆ." ಐದು ಸಲ ಹಾಕಿದರೆ ಐದು ಸಲವೂ ಸರಿ!

ಯತೀಶ ಮಾವನ ಎರಡೂ ಕೈ ಹಿಡಿದುಕೊಂಡ. ಇಷ್ಟು ವರ್ಷಕ್ಕೆ ಈ ಮನೆಯಲ್ಲಿ ತನ್ನನ್ನು ಅರ್ಥ ಮಾಡಿಕೊಂಡವರು ಒಬ್ಬರು ಸಿಕ್ಕಿದ್ದರು. ಕೊಳಲಿನಲ್ಲಿ ಏನು ವ್ಯತ್ಯಾಸ ಕೇಳಿತು, ಇವಳಿಗೂ ಒಂಚೂರು ಬಿಡಿಸಿ ಹೇಳಿ ಎಂದು ಬೇಡಿಕೊಂಡ.

"ಕೊಳ್ಲು ಎಲ್ಡ್ರಲ್ಲೂ ಒಂದೇಯ ಕಣಪ್ಪ," ಎಂದ ಚಿಕ್ಕಬೋರಯ್ಯ ಟವೆಲು ಬಿಚ್ಚುತ್ತಾ. "ಮಿಸನ್ನು ಆನ್ ಆದೇಟ್ಗೆ ಮೂಲೇಲಿ ಗೊರ್ರ್ ಅಂತದಲ್ಲ, ನೆಗಡಿ ಆದ ಟಗರಂಗೆ. ಅಷ್ಟು ಜೋರಾಗಿ ಗೊರಗುಟ್ಟಿದ್ರೆ ಕಿವುಡ್ನೂ ಹೇಳ್ತಾನೆ ಬುಡು."

ಹಾಡು ನಿಲ್ಲಿಸಿ ಕೇಳಿದರೆ ಹೌದು, ಗೊರ್ರ್! ಗುರುವಾರದಿಂದ ದಿನವೂ ಕೇಳುತ್ತಿದ್ದ ಆ ಸದ್ದನ್ನು ಯತೀಶ ಆಲೆಮನೆಯ ತಲೆಗೆ ಕಟ್ಟಿ, ಬೈದು, ಇನ್ನಷ್ಟು ವಾಲ್ಯೂಮ್ ಏರಿಸುತ್ತಿದ್ದ. ಯಂತ್ರದೊಳಗಿನ ಫ್ಯಾನು ಹೀಗೇಕೆ ಒದ್ದಾಡುತ್ತಿದೆ ಎಂದು ಕಂಬಳಿ ಸರಿಸಿದ. ಬಿಸಿಗಾಳಿ ಹೊರಬರಬೇಕಾದ ಕಿಂಡಿಗಳ ಮೇಲೆ ಅಗಲವಾದ ಸ್ಟೀಲ್ ಪಾತ್ರೆ ಕೂತಿತ್ತು. ಪಾತ್ರೆಯೊಳಗೆ ಒದ್ದೆ ಬಟ್ಟೆಯ ಗಂಟು. ಗಂಟು ಬಿಚ್ಚಿದರೆ ಹುರುಳಿಕಾಳು! ಕಾಳಿಗೆಲ್ಲ ಹೆಚ್ಚುಕಮ್ಮಿ ಬೆರಳುದ್ದ ಮೊಳಕೆ. ಅವಮಾನದಲ್ಲಿ ಮುಳುಗಿದ್ದರೂ ಯತೀಶನ ಕೈ ತನ್ನಷ್ಟಕ್ಕೆ ನೂರು ಕಾಳು ಎಣಿಸಿತು. ತೊಂಬತ್ತೆಂಟು ಮೊಳೆತಿದ್ದವು. ಫಾರಂನ ಮೊಳಕೆ ಪೆಟ್ಟಿಗೆಯಲ್ಲೂ ಅವನು ಇಂಥ ಫಸಲು ಕಂಡಿರಲಿಲ್ಲ.

ಅವನಿಗೆ ಸಿಟ್ಟು ಬರಬೇಕಿತ್ತು. ಆದರೆ ಯಾರ ಮೇಲೆ ಬರುವುದು? ಈ ಪಾತ್ರೆ ಇಲ್ಲದಿದ್ದರೆ ಫ್ಯಾನು ಗೊರಗುಟ್ಟುತ್ತಿರಲಿಲ್ಲ, ಫ್ಯಾನು ಗೊರಗುಟ್ಟದಿದ್ದರೆ ಮಾವನಿಗೆ ಗೊತ್ತಾಗುತ್ತಿರಲಿಲ್ಲ. ಅವನನ್ನು ಗೆಲ್ಲಿಸಿದ್ದು ಹುರುಳಿಕಾಳು! ಅಟ್ಟದಿಂದ ಖಾಲಿ ಡಬ್ಬ ಇಳಿಸಿಕೊಂಡು ಬಂದು, ನಾಳೆಯೇ ವಾಪಸ್ ಕಳಿಸುತ್ತೇನೆ, ತಪ್ಪಾಯಿತು ಎಂದ.

ಇಂದ್ರಮ್ಮ ಬಂದು ಡಬ್ಬದ ಮುಚ್ಚಳ ಮುಚ್ಚಿದಳು.

"ಸರತ್ತು ಅಂದ್ಮೇಲೆ ಸರತ್ತು ಕಣ್ರೀ. ಅಪ್ಪ ಐದಕ್ಕೆ ಐದೂ ಹೇಳುದ್ರು, ನೀವು ಗೆದ್ರಿ. ಮಿಸನ್ನು ಎಲ್ಲೂ ಹೋಗಕಿಲ್ಲ. ಅದ್ರಿಂದ ನಿಮ್ಮ ಹಾಡಿನ ವೈರು ಮಾತ್ರ ಕಿತ್ತಾಕ್ಬುಡಿ, ಹಾಡಿಗೆ ಕರೆಂಟು ಹೋದ್ರೆ ಕಾಳಿಗೆ ಕಾವು ಕಮ್ಮಿ ಆಯ್ತದೆ."

ಯತೀಶ ವೈರು ಕಿತ್ತ.