ದೊಡ್ಡಳಿಯನ ದೀಪ

ನನಗೆ ಹೊಟ್ಟೆಕಿಚ್ಚಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಹೆಂಡತಿ ಮೀನಾಕ್ಷಿ ಸಾಗರದ ಪೇಟೆಯಲ್ಲೆಲ್ಲ ಬೇರೆಯದನ್ನೇ ಹೇಳಿಕೊಂಡು ಬಂದಿದ್ದಾಳೆ. ಆದರೆ ನೀವೇ ಯೋಚಿಸಿ. ಮಾವನ ಮನೆಯಲ್ಲಿ ಚೌತಿಯ ರಾತ್ರಿಯೂಟಕ್ಕೆ ಎಲೆ ಹಾಕಿ, ಕಡುಬು ಬಡಿಸಿ, ಹಿರಿಯ ಅಳಿಯನಾದ ನಿಮ್ಮನ್ನು ಎಲೆಯ ಮುಂದಿನಿಂದ ಎಬ್ಬಿಸಿ, ಕಿರಿಯ ಅಳಿಯ ಉಣ್ಣಲೆಂದು ಅವನ ಸೈಕಲ್ಲನ್ನು ನಿಮ್ಮಿಂದ ತುಳಿಸಿದರೆ ನಿಮಗೆ ಹೇಗಾಗುತ್ತದೆ?

ನನಗೂ ಹಾಗೇ ಆಯಿತು. ಅದಕ್ಕೆ ಹೊಟ್ಟೆಕಿಚ್ಚು ಎನ್ನುವುದಿಲ್ಲ.

ಈ ಕಿರಿಯ ಅಳಿಯ, ಎಂದರೆ ನನ್ನ ಷಡ್ಡಕ ಮಂಜುನಾಥಪ್ಪ, ಕಾರ್ಗಲ್ಲಿನಲ್ಲಿ ಕರೆಂಟಿನ ಕೆಲಸದಲ್ಲಿದ್ದಾನೆ. (ಉಗ್ರಾಣದಲ್ಲಿ ಕೂತು ಬೋಲ್ಟು ಎಣಿಸುತ್ತಾನೆ; ತಂತಿ ಮುಟ್ಟಿದವನಲ್ಲ. ಆದರೆ ನಮ್ಮ ಮಾವನವರಿಗೆ ಜೋಗದ ನೀರೇ ಅವನ ಅಪ್ಪಣೆ ಕೇಳಿ ಬೀಳುವುದು.) ಅವನು ಬಸ್ಸಿನ ಮೇಲೆ ಸೈಕಲ್ ಹೇರಿಸಿಕೊಂಡು ಸಾಗರದಲ್ಲಿಳಿದು, ಅಲ್ಲಿಂದ ನಾಲ್ಕು ಮೈಲಿ ತುಳಿದು ಇಕ್ಕೇರಿಯ ಮಾವನ ಮನೆಗೆ ಬಂದಿದ್ದ. ಸೈಕಲ್ಲಿನ ಹಿಂದಿನ ಚಕ್ರಕ್ಕೆ, ತುಳಿದರೆ ದೀಪ ಹತ್ತಿಸುವ ಡೈನಮೋ ಇತ್ತು. ಆ ಮನೆಗೆ ಇನ್ನೂ ಕರೆಂಟ್ ಬಂದಿರಲಿಲ್ಲ.

"ಅಳಿಯಂದ್ರೆ, ನೀವು ಮೇಷ್ಟ್ರು, ಇದ್ರ ಮರ್ಮ ಗೊತ್ತಿರ್ತದೆ. ಒಂದೀಟು ತುಳೀರಿ ನೋಡಾನ," ಎಂದರು ಮಾವ ಶೇಷಪ್ಪನವರು. ಸೈಕಲ್ಲನ್ನು ಜಗಲಿಯಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಹ್ಯಾಂಡಲನ್ನು ಎಲೆಗಳ ಕಡೆ ತಿರುಗಿಸಿದ್ದರು. ತುಳಿದೆ. ಝಗ್ಗನೆ ಬೆಳಕಾಯಿತು. ನಿಲ್ಲಿಸಿದೆ. ಕತ್ತಲಾಯಿತು. ಕತ್ತಲೆಯಲ್ಲಿ ಇಡೀ ಬಳಗ ಅಯ್ಯೋ ಎಂದಿತು. ಮತ್ತೆ ತುಳಿದೆ.

"ಅಣ್ಣ, ಒಂದೇ ಸಮ ತುಳೀರಿ," ಎಂದ ಮಂಜುನಾಥಪ್ಪ, ಬಾಯಿ ತುಂಬ ಕಡುಬಿಟ್ಟುಕೊಂಡು. "ಬೆಳಕು ನಡುಗ್ತದೆ."

ಅಂದು ನಾನು ಜಗಲಿ ಬಿಟ್ಟು ಕದಲದೆ ಕ್ರಮಿಸಿದ ದೂರ ಹೊಸನಗರಕ್ಕೆ ಹೋಗಿ ಬಂದಷ್ಟಾದರೂ ಇದ್ದೀತು.

ಮನೆಗೆ ಬಂದ ಮೇಲೆ ಮೀನಾಕ್ಷಿ ತಂಗಿಯನ್ನು ನೆನೆದು ನಿಟ್ಟುಸಿರಿಟ್ಟಳು. "ನಮ್ಮ ಪುಷ್ಪ ಪುಣ್ಯವಂತೆ. ಗಂಡನ ಹಿಂದೆ ಸೈಕಲ್ ಮೇಲೆ ಕೂತ್ರೆ ಕತ್ಲಲ್ಲೂ ದಾರಿ ಕಾಣ್ತದೆ."

"ನನ್ನ ಹಿಂದೆ ಕೂತರೆ?"

"ಬೆಳಕಿದ್ರೂ ನಿಮ್ಮ ಬೆನ್ನೇ ಕಾಣೋದು."

ಅಂದೇ ಶಪಥ ಮಾಡಿದೆ. ಡೈನಮೋ ಕೊಳ್ಳಬಹುದಿತ್ತಲ್ಲ ಎನ್ನುತ್ತೀರಿ. ಕೊಂಡರೆ ಅವನನ್ನು ನೋಡಿ ಕೊಂಡಂತಾಗುತ್ತದೆ. ಅವನದು ಅಂಗಡಿಯ ಬೆಳಕು; ನನ್ನದು ಸ್ವಹಸ್ತದ ಬೆಳಕಾಗಬೇಕು. ಮಿಡ್ಲ್ ಸ್ಕೂಲಿನಲ್ಲಿ ಹನ್ನೊಂದು ವರ್ಷದಿಂದ 'ಬೆಳಕು' ಪಾಠ ಮಾಡುತ್ತಿರುವವನು ನಾನು!

ಮೊದಲ ದೀಪಕ್ಕೆ ಕಾಫಿಪುಡಿ ಡಬ್ಬಿ, ಟಾರ್ಚಿನ ಬಲ್ಬು, ಎರಡು ಸೆಲ್ಲು ಕಟ್ಟಿದೆ. ಗುಂಡಿಗೆ ಇಳಿದಾಗಲೆಲ್ಲ ಅದು ಆರುತ್ತಿತ್ತು. ನಮ್ಮ ರಸ್ತೆಯಲ್ಲಿ ಗುಂಡಿಗಳ ನಡುವೆ ಅಲ್ಲಲ್ಲಿ ರಸ್ತೆಯೂ ಇರುವುದರಿಂದ ಅಲ್ಲಲ್ಲಿ ಬೆಳಕೂ ಇರುತ್ತಿತ್ತು. ಎರಡನೆಯದು ಗಾಜಿನ ಲೋಟದಲ್ಲಿ ಮೇಣದ ಬತ್ತಿ. ಅದು ಮನೆಯ ಗೇಟು ದಾಟಲಿಲ್ಲ. ಮೂರನೆಯದಕ್ಕೆ ಬಿಸ್ಕತ್ತಿನ ತಗಡಿನ ಡಬ್ಬಿಯೊಳಗೆ ಎಣ್ಣೆಯ ಹಣತೆ ಕೂರಿಸಿ, ಮುಂದೆ ಗಾಜು, ಮೇಲೆ ಹೊಗೆಗೆ ತೂತು ಮಾಡಿದೆ. ಎಂಥ ಗಾಳಿಗೂ ಆರಲಿಲ್ಲ. ಆದರೆ ಬೆಳಕು ಮಾತ್ರ, ಡಬ್ಬಿಯೊಳಗೆ ದೀಪವಿದೆ ಎಂದು ತಿಳಿಯುವಷ್ಟೇ. ಅದರ ಬೆನ್ನಿಗೆ ಒಂದು ನಿಮ್ನ ದರ್ಪಣ ಬೇಕಿತ್ತು. ನಮ್ಮ ಶಾಲೆಯಲ್ಲಿ ಅದು ಪುಸ್ತಕದ ಚಿತ್ರದಲ್ಲಿ ಮಾತ್ರ ಇದೆ.

ಅದೇ ಯೋಚನೆಯಲ್ಲಿ ಊಟಕ್ಕೆ ಕೂತಿದ್ದೆ. ಮೀನಾಕ್ಷಿ ಹುಳಿ ಬಡಿಸಿ ಸೌಟನ್ನು ಮೇಲೆತ್ತಿದಳು. ಸೌಟಿನ ಗುಂಡಿಯಲ್ಲಿ ನನ್ನ ಮುಖ ತಲೆಕೆಳಗಾಗಿ ಹೊಳೆಯಿತು. ದರ್ಪಣ!

ಅದು ಅಂತಿಂಥ ಸೌಟಲ್ಲ. ಆಗಷ್ಟೇ ನಮ್ಮ ಕಡೆಗೆ ಬರುತ್ತಿದ್ದ ಸ್ಟೀಲಿನದು, ನಮ್ಮ ಮನೆಯ ಏಕೈಕ ಸ್ಟೀಲು, ತಂಗಿ ಅಕ್ಕನಿಗೆ ಕೊಟ್ಟ ಉಡುಗೊರೆ. ಹಿಡಿಯ ಮೇಲೆ ಚುಕ್ಕಿ ಹೊಡೆದು 'ಪುಷ್ಪ ಮಂಜುನಾಥಪ್ಪ' ಎಂದು ಬರೆಸಿದ್ದರು. ದಿನಕ್ಕೆರಡು ಹೊತ್ತು, ಹುಳಿಗೊಮ್ಮೆ ಸಾರಿಗೊಮ್ಮೆ, ಆ ಹೆಸರು ನನ್ನ ಮೂಗಿನ ಮುಂದೆ ಹಾದುಹೋಗುತ್ತಿತ್ತು.

ನವರಾತ್ರಿಯಲ್ಲಿ ಪುಷ್ಪ ಒಂದು ದಿನದ ಮಟ್ಟಿಗೆ ಬಂದು ಹೋದಳು. ಮರುದಿನ ಮೀನಾಕ್ಷಿ ಪೇಟೆಗೆ ಹೋದಾಗ ಸೌಟನ್ನು ತೆಗೆದೆ. ಡಬ್ಬಿಯೊಳಗೆ ಕೂರಿಸಿದರೆ ಹಿಡಿ ಉದ್ದವಾಯಿತು; ಗರಗಸ ಹಿಡಿದು ಸರಿಯಾಗಿ ಎರಡು ಹೆಸರುಗಳ ನಡುವೆ ಕೊಯ್ದೆ. ಪುಷ್ಪ ಡಬ್ಬಿಯಲ್ಲೇ ಉಳಿದಳು. ಮಂಜುನಾಥಪ್ಪನನ್ನು ಬಾವಿಗೆ ಹಾಕಿದೆ. (ಹೆಸರನ್ನು.) ಗುಳುಂ ಎಂಬ ಆ ಸದ್ದು ಎಷ್ಟು ಇಂಪಾಗಿತ್ತೆಂದು ಹೇಳಲಾರೆ.

ಸಂಜೆ ದೀಪ ಹಚ್ಚಿದರೆ ಕೊಟ್ಟಿಗೆಯ ಗೋಡೆಯ ಮೇಲೆ ಚಂದ್ರನೇ ಮೂಡಿದ!

ಒಳಗೆ ಮಾತ್ರ ಗ್ರಹಣ ಹಿಡಿದಿತ್ತು. "ನನ್ನ ಸೌಟೆಲ್ಲಿ? ಪುಷ್ಪ ಹೋದ್ಮೇಲೆ ಕಾಣ್ತಿಲ್ಲ. ಕೊಟ್ಟಿದ್ದನ್ನ ವಾಪಸ್ ತಗಂಡೋಗ್ತಾರಾ ಯಾರಾದ್ರೂ?"

ಆ ಕ್ಷಣ ನಾನು ಹೇಳಬೇಕಿತ್ತು. ಬಾಯಿಂದ ಬಂದದ್ದು ಬೇರೆ: "ಅವರು ದೊಡ್ಡವರು. ಕಾರ್ಗಲ್ಲಿನವರು. ಏನೂ ಮಾಡಬಹುದು."

ಮೀನಾಕ್ಷಿ ತಂಗಿಗೆ ಕಾಗದ ಬರೆದಳು. ತಂಗಿ ಅದಕ್ಕಿಂತ ಉದ್ದದ ಕಾಗದ ಬರೆದಳು. ಅಲ್ಲಿಗೆ ಅಕ್ಕತಂಗಿಯರ ಮಾತು ನಿಂತಿತು. ಮಂಜುನಾಥಪ್ಪನ ಗುಣಗಾನವೂ ನಿಂತಿದ್ದರಿಂದ ನಾನು ಸುಮ್ಮನಿದ್ದೆ. ಪಾಪ ಎನಿಸಿತು, ನಿಜ. ಆದರೆ ಹುಳಿ ಎಂದಿಗಿಂತ ರುಚಿಯಾಗಿತ್ತು.

ದೀಪಾವಳಿಗೆ ಇಬ್ಬರು ಅಳಿಯಂದಿರಿಗೂ ಇಕ್ಕೇರಿಯಿಂದ ಕರೆ ಬಂತು. ಮೀನಾಕ್ಷಿ ಹಿಂದಿನ ದಿನವೇ ಗಾಡಿಯಲ್ಲಿ ಹೋದಳು. ನಾನು ಬೆಳಿಗ್ಗೆಯೇ ಹೊರಡಬಹುದಿತ್ತು. ಆದರೆ ಹಗಲಲ್ಲಿ ದೀಪ ತೋರಿಸಿ ಏನು ಬಂತು? ಇಡೀ ದಿನ ಬಾಗಿಲು ಹಾಕಿಕೊಂಡು ಕೂತು, ಸೂರ್ಯನಿಗೆ ಶಾಪ ಹಾಕಿ, ಅಮಾವಾಸ್ಯೆಯ ಕತ್ತಲೆ ಗಟ್ಟಿಯಾದ ಮೇಲೆ ಹೊರಟೆ.

ದೀಪ ದಾರಿಯನ್ನು ಬೆಳಗಿತು. ಜೊತೆಗೆ ದಾರಿಯ ಅಕ್ಕಪಕ್ಕದ ಮರಗಳ ನೆರಳನ್ನೂ ಕುಣಿಸಿತು. ಧೈರ್ಯಕ್ಕಿರಲಿ ಎಂದು ಗಟ್ಟಿಯಾಗಿ ಒಂದು ದೇವರನಾಮ ಹಾಡಿಕೊಂಡೆ. ಇಕ್ಕೇರಿಯ ತಿರುವಿನಲ್ಲಿ ಎದುರಿಗೊಂದು ದೀಪ, ಅದರ ಹಿಂದೆ ಹತ್ತು ಹದಿನೈದು ಕಂಬಳಿ. ಅಂಟಿಗೆ ಪಂಟಿಗೆಯವರು! ದೇವರ ಮುಂದೆ ಹಚ್ಚಿದ ದೀಪ ಹಿಡಿದು, ದೀಪಾವಳಿಯ ಮೂರು ರಾತ್ರಿ ಮನೆಮನೆಗೆ ಹಾಡುತ್ತ ಬರುವವರು.

ಮುಂದಾಳು ಹುಲಿಯಪ್ಪ ಕೈ ಅಡ್ಡ ಹಿಡಿದ. "ನಿಲ್ಲಿ! ಯಾವೂರ ದೀಪ ಇದು, ಹಾಡಿಕೋತ ನಮ್ಮ ಸೀಮೆಗೆ ಬರೋದು?"

"ಸಾಗರದ್ದು. ನಾನು ಶೇಷಪ್ಪನವರ ಅಳಿಯ."

"ಯಾರು, ಕರೆಂಟಿನೋರಾ?"

"ಅಲ್ಲ. ದೊಡ್ಡಳಿಯ."

"ಹಂಗೊಬ್ರಿದಾರಾ?" ಎಂದು ಅವನು ಹಿಂದಿನವರನ್ನು ಕೇಳಿದ.

ಇದು ಬರೀ ಸೈಕಲ್ ದೀಪ ಕಣಪ್ಪಾ ಎಂದಿದ್ದರೆ ಬಿಟ್ಟುಬಿಡುತ್ತಿದ್ದರು. ಆದರೆ 'ಕರೆಂಟಿನೋರು' ಎಂಬ ಮಾತು ಎದೆಗೆ ನಾಟಿತ್ತು. "ಇದೇನು ಸಾಮಾನ್ಯ ದೀಪ ಅಂದುಕೊಂಡೆಯಾ?" ಎಂದುಬಿಟ್ಟೆ.

"ಹಂಗಾದ್ರೆ ಹಾಡ್ರಿ. ಎರಡು ದೀಪ ಎದುರಾದ್ರೆ ಹಾಡಬೇಕು, ಸೋತೋರು ದೀಪ ಕೊಡಬೇಕು."

ದೇವರನಾಮದ ಮೊದಲ ನುಡಿ ಹಾಡಿದೆ. ಎರಡನೆಯದು ಮರೆತಿತ್ತು. ಅದೇ ರಾಗದಲ್ಲಿ ಹದಿನೇಳರ ಮಗ್ಗಿ ಎತ್ತಿಕೊಂಡೆ. ಹದಿನೇಳೆಂಟ್ಲ ಎಂಬಲ್ಲಿ ಅದೂ ಕೈಕೊಟ್ಟಿತು. ಅವರು ಹದಿನೈದು ಕಂಠದಲ್ಲಿ ಉತ್ತರ ಕೊಟ್ಟರು. ಹುಲಿಯಪ್ಪ ಡಬ್ಬಿ ಬಿಚ್ಚಿಕೊಂಡು ಭಕ್ತಿಯಿಂದ ಕಣ್ಣಿಗೊತ್ತಿಕೊಂಡ.

ಉಳಿದ ಅರ್ಧ ಮೈಲಿ ನಾನು ಸೈಕಲ್ ತಳ್ಳಿದೆ. ಎರಡು ಸಲ ಚರಂಡಿಗಿಳಿದೆ.

"ಬೆಳಕಿಲ್ದೇ ಬಂದ್ರಾ?" ಎಂದು ಮಾವನವರು ನನ್ನ ಕೆಸರು ನೋಡಿ ಮರುಗಿದರು. "ಹೇಳಿದ್ರೆ ಮಂಜುನಾಥನ್ನ ಡೈನಮೋ ಕೊಟ್ಟು ಕಳಿಸ್ತಿದ್ವಲ್ಲ!" ಜಗಲಿಯ ಒಂದು ಮೂಲೆಯಲ್ಲಿ ಮೀನಾಕ್ಷಿ, ಇನ್ನೊಂದರಲ್ಲಿ ಪುಷ್ಪ, ಬೆನ್ನಿಗೆ ಬೆನ್ನು.

ಕಾಲು ತೊಳೆಯುವಷ್ಟರಲ್ಲಿ ಅಂಟಿಗೆ ಪಂಟಿಗೆಯವರು ಅಂಗಳಕ್ಕೆ ಬಂದರು. ಎಲ್ಲರಿಗಿಂತ ಮುಂದೆ ನನ್ನ ದೀಪ. ಅಂಗಳ ಬೆಳಗಿತು. ಮಾವನವರು ಎದ್ದು ಕೈಮುಗಿದರು.

"ಆಹಾ, ಎಂಥಾ ಬೆಳಕು! ಇದ್ರ ಮುಂದೆ ಡೈನಮೋ ಎಂತ ಮಣ್ಣು!"

ಎರಡು ತಿಂಗಳಿಂದ ನಾನು ಕಾದಿದ್ದ ಮಾತು! ಮಂಜುನಾಥಪ್ಪನಂತೂ ಡಬ್ಬಿಯ ಮುಂದೆ ಮಂಡಿಯೂರಿ, "ಎಂಥಾ ತಲೆ! ಯಾರು ಮಾಡಿದ್ದು?" ಎಂದ.

"ಯಾರೋ ದೊಡ್ಡಳಿಯ ಅಂತೆ," ಎಂದ ಹುಲಿಯಪ್ಪ. "ಹಾಡಕ್ಕೆ ಬರದೆ ಸೋತು ಕೊಟ್ರು."

ಹೌದು ಎಂದರೆ ಸೋಲು, ಅಲ್ಲ ಎಂದರೆ ಕೀರ್ತಿ ಹೋಯಿತು. ಷಡ್ಡಕ ಮಂಡಿಯೂರಿದ ದೃಶ್ಯ ಮತ್ತೆ ಸಿಗುವಂಥದಲ್ಲ. "ನಾನೇ!" ಎಂದು ಎದೆ ತಟ್ಟಿಕೊಂಡೆ. "ಅದರ ಮರ್ಮವೆಲ್ಲ ಹಿಂದಿರುವ ದರ್ಪಣದಲ್ಲಿದೆ."

ದೀಪಕ್ಕೆ ಎಣ್ಣೆ ಹಾಕಲು ಬಂದ ಮೀನಾಕ್ಷಿ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಪುಷ್ಪ," ಎಂದಳು. ಮೂರು ವಾರದ ಮೇಲೆ ಆಡಿದ ಮೊದಲ ಮಾತು. "ಬಾರೇ ಇಲ್ಲಿ. ಇದು ನಿನ್ ಹೆಸರಲ್ವೇನೇ?"

ಪುಷ್ಪ ಬಗ್ಗಿದಳು. "ಹೌದಕ್ಕಾ. ನಮ್ಮವ್ರ ಹೆಸರೆಲ್ಲಿ?"

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

"ಬಾವಿಯಲ್ಲಿ," ಎಂದೆ.

ಆಮೇಲೆ ನಡೆದ ಮಾತುಕತೆಯಲ್ಲಿ ನನ್ನ ಪಾಲು ಕಡಿಮೆ. ಅಕ್ಕ ಅತ್ತಳು, ತಂಗಿ ತಬ್ಬಿಕೊಂಡಳು, ಮಂಜುನಾಥಪ್ಪ "ಹೋಗ್ಲಿ ಬಿಡ್ರಿ, ಅಣ್ಣನಿಗೆ ನನ್ನ ಮೇಲೆ ಅಷ್ಟು ಪ್ರೀತಿ" ಎಂದು ನಕ್ಕ. ಆ ಔದಾರ್ಯವನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಸೌಟನ್ನಾದರೂ ಬಿಚ್ಚಿಕೊಡು ಎಂದು ಬೇಡಿದರೆ ಹುಲಿಯಪ್ಪ ಒಪ್ಪಲಿಲ್ಲ. ಈಗದು ದೇವರ ದೀಪ, ಅದನ್ನು ಬಿಚ್ಚುವುದುಂಟೇ?

ಊಟಕ್ಕೆ ಎಲೆ ಹಾಕಿದರು. ಮಾವನವರು ಕೆಮ್ಮಿದರು. "ಅಳಿಯಂದ್ರೆ, ಬೆಳಕು..."

ಹೇಳಿಸಿಕೊಳ್ಳದೆ ಎದ್ದು ಹೋಗಿ ಸೈಕಲ್ ಏರಿದೆ. ಜಗಲಿಯಿಂದ ನೋಡಿದರೆ ಗದ್ದೆಯಾಚೆ ನನ್ನ ದೀಪ ಮನೆಯಿಂದ ಮನೆಗೆ ಹೋಗುತ್ತಿತ್ತು. ಹೋದಲ್ಲೆಲ್ಲ ಜನ ಎದ್ದು ಕೈಮುಗಿಯುತ್ತಿದ್ದರು, ಎಣ್ಣೆ ಹಾಕುತ್ತಿದ್ದರು. ನನಗೆ ಹೊಟ್ಟೆಕಿಚ್ಚಿಲ್ಲ ಎಂದು ಮೊದಲೇ ಹೇಳಿದ್ದೇನೆ. ಅದೊಂದು ದೀಪದ ಮೇಲೆ ಬಿಟ್ಟು.

"ಎಂತ ಅತ್ಲಾಗೆ ನೋಡ್ತಾ ಕೂತ್ರಿ?" ಒಳಗಿನಿಂದ ಮೀನಾಕ್ಷಿಯ ದನಿ ಬಂತು. "ಜೋರಾಗಿ ತುಳೀರಿ. ನಮ್ಮ ಪುಷ್ಪನ ಎಲೆ ಕಾಣ್ತಿಲ್ಲ."