ಬೋರಪ್ಪನ ತೆಳ್ಳನೆ ರಕ್ತ

"ಇದೇನ್ ಬೆರಳೋ, ನಲ್ಲಿಯೋ?" ಎಂದ ಪಕ್ಕದ ಮನೆಯ ಗೋಪಣ್ಣ.

ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಬೋರಪ್ಪನ ಹೆಬ್ಬೆರಳಿಗೆ ಬೆಳಿಗ್ಗೆ ಮಿಷನ್ ಸೂಜಿ ಹೊಕ್ಕಿತ್ತು. ಅರಿಶಿನ ಒತ್ತಿದ್ದಾಯಿತು, ಕಾಫಿಪುಡಿ ಮೆತ್ತಿದ್ದಾಯಿತು. ರಕ್ತ ಮಾತ್ರ ಗೋಪಣ್ಣನ ಬಾಯಿಯಂತೆ, ನಿಲ್ಲುವ ಲಕ್ಷಣವೇ ಇಲ್ಲ.

"ನಿನ್ನ ಹಾರ್ಟಿಗೆ ಸ್ಟೆಂಟ್ ಹಾಕಿದಾಗ ರಕ್ತ ತೆಳ್ಳಗ ಮಾಡೋ ಗುಳಿಗಿ ಕೊಟ್ರಲ್ಲ, ಅದರದ ಕೆಲಸ."

ಬೋರಪ್ಪ ಒಳಗಿನವರಿಗೆ ಕೇಳದಂತೆ ದನಿ ತಗ್ಗಿಸಿದ. "ಅದನ್ನ ಬಿಟ್ಟು ತಿಂಗಳಾತಪ. ಮೊದ್ಲ ಕಿಡ್ನಿ ಸೊರಗ್ಯಾವ, ಆ ಗುಳಿಗಿ ತಿಂದ್ರ ಪೂರಾ ಹೋಗ್ತಾವ ಅಂತ ನೀನ ಹೇಳಿದ್ಯಲ್ಲ. ದಿನಾ ಹಿತ್ತಲದಾಗ ಎಸದು ಬರ್ತೀನಿ."

ಗೋಪಣ್ಣ ಅವನನ್ನು ಸಾವಿನ ಮನೆಯಲ್ಲಿ ನೋಡುವ ನೋಟದಲ್ಲಿ ನೋಡಿದ. "ಗುಳಿಗಿ ಇಲ್ದನೂ ರಕ್ತ ನಿಲ್ಲವಲ್ದು ಅಂದ್ರ ಕಿಡ್ನಿ ಹೋದಂಗ. ನಮ್ಮ ಭಾವಂದೂ ಹಿಂಗ ಶುರುವಾತು. ಬೆಳಿಗ್ಗೆ ಬೆರಳು, ಸಂಜಿಗೆ ಚಟ್ಟ."

ಹೀಗೆ ಧೈರ್ಯ ತುಂಬಿ ಬಸ್ ಸ್ಟ್ಯಾಂಡಿಗೆ ಆಟೋ ಹತ್ತಿಸಿದ.

ಬಳ್ಳಾರಿ ಬಸ್ಸಿನಲ್ಲಿ ಬೋರಪ್ಪನ ಒಂದು ಪಕ್ಕ ಹೆಂಡತಿ ಓಬಳಮ್ಮ, ಇನ್ನೊಂದು ಪಕ್ಕ ಅವನ ಅಕ್ಕ ಪಾಪಕ್ಕ. ಒಂದೇ ಮನೆಯಲ್ಲಿದ್ದರೂ ಇಬ್ಬರೂ ಯುಗಾದಿಯಿಂದ ಮಾತು ಬಿಟ್ಟವರು. ಸಾಯುವವನನ್ನು ಒಬ್ಬರು ಇನ್ನೊಬ್ಬರ ಕೈಗೆ ಬಿಟ್ಟುಕೊಡಲು ತಯಾರಿರಲಿಲ್ಲ. ಡಿ. ಹಿರೇಹಾಳು ದಾಟುವಷ್ಟರಲ್ಲಿ ಬೆರಳಿಗೆ ಸುತ್ತಿದ ಚಿಂದಿ ಕೆಂಪಾಯಿತು.

"ಬಸ್ಸಿನ್ಯಾಗ ಏನಾರ ಆದ್ರ ನಾನ ಸ್ಟೇಷನ್ನಿಗೆ ಓಡಾಡಬೇಕ್ರಿ," ಎಂದ ಕಂಡಕ್ಟರ್. "ಬಳ್ಳಾರಿ ತನಕ ತಡಕೊಳ್ರಿ."

ಬೋರಪ್ಪ ತಡೆದುಕೊಂಡ. ಸ್ಟೆಂಟ್ ಹಾಕಿದ್ದ ಬಳ್ಳಾರಿ ಆಸ್ಪತ್ರೆಯ ಡಾಕ್ಟರು ಬೆರಳಿಗೆ ಬಿಗಿಯಾಗಿ ಪಟ್ಟಿ ಕಟ್ಟಿಸಿದರು. ಅವನು ಅಳುತ್ತ ನಿಜ ಹೇಳಿದಾಗ ಕನ್ನಡಕ ತೆಗೆದರು.

"ಬಿಟ್ರಾ? ಸ್ಟೆಂಟಿನೊಳಗ ರಕ್ತ ಹೆಪ್ಪುಗಟ್ಟಿದ್ರ ಅಲ್ಲಿಗೇ ಮುಗೀತು. ಕಿಡ್ನಿ ಸೊರಗಿದವ್ರಿಗೆ ಹೆಪ್ಪುಗಟ್ಟೋ ಭಯನೂ ಜಾಸ್ತಿ, ರಕ್ತ ಹೋಗೋ ಭಯನೂ ಜಾಸ್ತಿ. ಅದಕ್ಕ ತೂಗಿ ಕೊಟ್ಟಿರ್ತೀವಿ. ಆದ್ರ ಗುಳಿಗಿ ಇಲ್ದ ಇಷ್ಟು ರಕ್ತ ಹೋಗೈತಿ ಅಂದ್ರ..."

"ಬಿಟ್ಟಿಲ್ರಿ ಸಾರ್," ಎಂದಳು ಓಬಳಮ್ಮ. "ಹಿತ್ತಲದಾಗ ಬಿದ್ದಿದ್ದು ನೋಡಿದೆ. ಹಿಂದ ಇವರಿಗೆ ಗೊತ್ತಿಲ್ದಂಗ ಊಟದಾಗ ಕುಡಿತ ಬಿಡಿಸೋ ಪುಡಿ ಕಲಸಿದ ಕೈ ನಂದು. ಅಂಗಡ್ಯಾಗ ಬ್ಯಾರೆ ತಗೊಂಡು ದಿನಾ ಒಂದು ಗುಳಿಗಿ ಅರದು ಮಜ್ಜಿಗ್ಯಾಗ ಹಾಕೀನಿ."

ಬೋರಪ್ಪನಿಗೆ ಹೋದ ಜೀವ ಬಂತು. ಹೆಂಡತಿಯ ಕೈ ಹಿಡಿಯಲು ಹೋದ.

ಪಾಪಕ್ಕ ಸೆರಗನ್ನು ಬಾಯಿಗೆ ಹಿಡಿದಳು. "ನಾನು ಬ್ಯಾರೆ ತಂದು ಸಾರಿನ್ಯಾಗ ಹಾಕೀನ್ರಿ. ನಾನೂ ನೋಡಿದ್ದೆ."

"ದಿನಾ?"

"ದಿನಾರಿ. ಇಕಿ ಹಾಕ್ತಾಳ ಅಂತ ನನಗ ಹೆಂಗ ತಿಳೀಬೇಕು?"

"ಕೇಳಿದ್ರ ಹೇಳ್ತಿದ್ದೆ," ಎಂದಳು ಓಬಳಮ್ಮ, ಗೋಡೆಗೆ.

ಡಾಕ್ಟರು ಕಿಡ್ನಿಯ ಟೆಸ್ಟಿಗೆ ಬರೆದುಕೊಟ್ಟರು. "ಇವತ್ತು ಕಲಸೀರೇನು?"

"ಇನ್ನೂ ಉಂಡಿಲ್ರಿ."

"ಹಂಗಾದ್ರ ಇನ್ಮ್ಯಾಲ ನೀವಿಬ್ರೂ ಕಲಸಬ್ಯಾಡ್ರಿ. ಬೋರಪ್ಪ, ನೀವ ನುಂಗ್ರಿ, ಒಂದು. ಒಂದು ದಿನ ತಪ್ಪಿದ್ರೂ ಜೀವಕ್ಕ ನಾನು ಜವಾಬ್ದಾರಿ ಅಲ್ಲ."

ಸಂಜೆ ಮನೆಯಲ್ಲಿ ಮುದ್ದೆ, ಸಾರು, ಮಜ್ಜಿಗೆ ಮುಂದೆ ಬಂದವು. ಬೋರಪ್ಪ ಮೂರನ್ನೂ ಕಳ್ಳರನ್ನು ನೋಡುವಂತೆ ನೋಡಿದ.

"ಕಲಸಿಲ್ಲ ಹೌದಲ್ಲ?"

"ನಿಮ್ಮಾಣಿಗೂ ಇಲ್ಲ," ಎಂದಳು ಓಬಳಮ್ಮ.

"ನಾನೂ ಇಲ್ಲಪ. ನೀನ ನುಂಗಿದಿ ಹೌದಲ್ಲೋ?"

"ನುಂಗಿದೆನಕ್ಕ," ಎಂದ ಬೋರಪ್ಪ. ತಿಂಗಳಿಡೀ ನಗುನಗುತ್ತ ಬಡಿಸಿದ ಮುಖಗಳೂ ಇವೇ. ಸಾರು, ಮಜ್ಜಿಗೆಯಲ್ಲಿ ಎರಡು ಹೇಗೂ ಹೊಟ್ಟೆ ಸೇರುತ್ತವೆ, ಮೂರನೆಯದಕ್ಕೆ ತಾನು ಉಳಿಯುವುದಿಲ್ಲ ಎಂದು ಅವನಿಗೆ ಖಾತ್ರಿಯಾಗಿತ್ತು.

ಕಡೆಯ ತುತ್ತು ಮುದ್ದೆ ಹಿಡಿದು ಅಂಗಳಕ್ಕೆ ಹೋದ. ಜೇಬಿನ ಗುಳಿಗೆಯನ್ನು ಅದರೊಳಗೆ ಒತ್ತಿ ಬೀದಿನಾಯಿಗೆ ಹಾಕಿದ. ಅದೇ ಹೊತ್ತಿಗೆ ಒಳಗೆ ಓಬಳಮ್ಮ, ಪಾಪಕ್ಕ ಯುಗಾದಿಯ ನಂತರ ಮೊದಲ ಸಲ ಅಕ್ಕಪಕ್ಕ ಕೂತು, ತಾವು ಬಚ್ಚಿಟ್ಟಿದ್ದ ಗುಳಿಗೆಗಳನ್ನೆಲ್ಲ ನೀರೊಲೆಯ ಬೆಂಕಿಗೆ ಸುರಿದರು.